ಪ್ರತಿಕ್ರಿಯೆ: 14ಕ್ಕೇ ಯುರೋಪ್ ಕುಣಿದಿದ್ದು ಯಾಕೆ?

ನಿಮ್ಮ ಪ್ರಶ್ನೆ ಸರಿಯಾಗೇ ಇದೆ. ಯುರೋಪ್ ಮತ್ತು ಅಮೆರಿಕ ತಂಡಗಳ ನಡುವಿನ ಗಾಲ್ಫ್ ಟೂರ್ನಿ ರೈಡರ್ ಕಪ್ ಗೆಲ್ಲೋಕೆ ಹದಿನಾಲ್ಕೂವರೆ ಪಾಯಿಂಟ್ ಬೇಕು, ಮತ್ತೆ 2025ರಲ್ಲಿ ಯುರೋಪಿನವರು 14 ಆದ ಕೂಡಲೇ ಯಾಕೆ ಕುಣಿದಾಡಿದರು ಅಂತ ಕೇಳಿದ್ದೀರಿ.

ಒಟ್ಟು 28 ಪಂದ್ಯ, ಒಂದಕ್ಕೆ ಒಂದು ಪಾಯಿಂಟ್. ಸಮ ಆದರೆ ಅರ್ಧರ್ಧ. ಹಾಗಾಗಿ 14-14 ಆಗೋದು ಸಾಧ್ಯ. ಆಗ ಟೈಬ್ರೇಕರ್ ಇಲ್ಲ, ಕಪ್ ಹಿಂದಿನ ಸಲ ಗೆದ್ದವರ ಹತ್ತಿರವೇ ಉಳಿಯುತ್ತದೆ. 2023ರಲ್ಲಿ ರೋಮ್‌ನಲ್ಲಿ ಗೆದ್ದಿದ್ದು ಯುರೋಪ್. ಅವರಿಗೆ 14 ಸಾಕಿತ್ತು, ಹದಿನಾಲ್ಕೂವರೆ ಬೇಕಿದ್ದಿದ್ದು ಅಮೆರಿಕಕ್ಕೆ. 2025ರ ಟೂರ್ನಿ ನಡೆದ ಬೆತ್‌ಪೇಜ್‌ನಲ್ಲಿ ಯುರೋಪಿನ ಶೇನ್ ಲೌರಿ ಕೊನೆಯ, ಅಂದರೆ 18ನೇ ಹೋಲ್‌ನಲ್ಲಿ ಬರ್ಡಿ (ನಿಗದಿಗಿಂತ ಒಂದು ಹೊಡೆತ ಕಡಿಮೆ) ಪಟ್, ಅಂದರೆ ಚೆಂಡನ್ನು ಗುಳಿಗೆ ಉರುಳಿಸೋ ಹೊಡೆತ, ಹಾಕಿ ಅಮೆರಿಕದ ರಸೆಲ್ ಹೆನ್ಲಿ ಜೊತೆ ಸಮ ಮಾಡಿಕೊಂಡರಲ್ಲ, ಆ ಅರ್ಧ ಪಾಯಿಂಟಿಗೇ ಆ ಕುಣಿತ! ಆಮೇಲೆ 15-13ಕ್ಕೆ ಪೂರ್ತಿ ಗೆದ್ದೂಬಿಟ್ಟರು ಅನ್ನಿ.

ನಿಜಕ್ಕೂ ಟೈ ಆಗಿದ್ದೂ ಇದೆ. 1989ರಲ್ಲಿ 14-14. ಅದಕ್ಕೂ ಮುಂಚೆ 1969ರಲ್ಲಿ ರಾಯಲ್ ಬರ್ಕ್‌ಡೇಲ್‌ನಲ್ಲಿ 16-16, ಆಗ ಪಂದ್ಯಗಳು ಜಾಸ್ತಿ ಇದ್ದವು. ನನಗೆ ಇಷ್ಟವಾದದ್ದು ಅದೇ. ಕೊನೇ ಹೋಲ್, ಬ್ರಿಟನ್ನಿನ ಟೋನಿ ಜಾಕ್ಲಿನ್ ಮುಂದೆ ಒಂದು ಪುಟ್ಟ ಪಟ್ ಉಳಿದಿತ್ತು. ಎದುರಾಳಿ, ಅಮೆರಿಕದ ಜ್ಯಾಕ್ ನಿಕ್ಲಸ್ ಸುಮ್ನೆ ಬಗ್ಗಿ ಜಾಕ್ಲಿನ್‌ರ ಮಾರ್ಕರ್ (ಚೆಂಡಿನ ಜಾಗ ಗುರುತಿಸೋ ಬಿಲ್ಲೆ) ಎತ್ತಿಕೊಟ್ಟು, ಹೊಡೆಯೋದೇ ಬೇಡ, ಬಿದ್ದಂತೆಯೇ ಲೆಕ್ಕ ಅಂದುಬಿಟ್ಟರು; ಹಾಗೆ ಸಮ ಆಯಿತು. ಅಮೆರಿಕದ ಕ್ಯಾಪ್ಟನ್ ಸ್ಯಾಮ್ ಸ್ನೀಡ್‌ಗೆ ಇದು ಹಿಡಿಸಲಿಲ್ಲ. ಹಾಗಂತ ಕಪ್ ಏನೂ ಕೈ ಬಿಡಲಿಲ್ಲ, ಹಿಂದಿನ ಸಲ ಗೆದ್ದವರು ಅಮೆರಿಕದವರೇ ಅಲ್ವಾ?

ಇನ್ನು ಪಂದ್ಯದ ಫಲಿತಾಂಶವಾಗಿ ಬರೆಯೋ ‘3 ಅಂಡ್ 2’ ಅಂದರೆ, ಆಡೋಕೆ ಎರಡೇ ಹೋಲ್ ಬಾಕಿ ಇರುವಾಗ ಮೂರು ಹೋಲ್ ಮುಂದಿದ್ದಾರೆ ಅಂತ. ಪಂದ್ಯ ಅಲ್ಲಿಗೇ ಮುಗಿಯಿತು.