ಒಂದು ತುಂಡಿನ 18 ಗ್ರಾಂ ನಂಬಿ ಡ್ರಿಲ್ ಕರೆಸಬೇಡಿ

ರಸ್ತೆಯಿಂದ ಎರಡು ದಿನ ನಡೆಯಬೇಕಾದ ಬೆಟ್ಟದಲ್ಲಿ 40 ಸೆಂ.ಮೀ. ದಪ್ಪದ ಬೆಣಚುಕಲ್ಲಿನ ಎಳೆ ಸಿಕ್ಕಿದೆ, ಅದರ ಒಂದು ತುಂಡಿನಲ್ಲಿ ಟನ್ನಿಗೆ 18 ಗ್ರಾಂ ಚಿನ್ನ ಬಂದಿದೆ, ಡ್ರಿಲ್ ಹಾಕಿಸಬಹುದೇ ಅಂತ ಕೇಳಿದ್ದೀರಿ. ಈಗಲೇ ಬೇಡ. ಆ ಜಾಗದಲ್ಲಿ ಏನೂ ಇಲ್ಲ ಅಂತಲ್ಲ. ಇದೆಯೋ ಇಲ್ಲವೋ ಹೇಳುವಷ್ಟು ಮಾಹಿತಿ ಇನ್ನೂ ನಿಮ್ಮ ಕೈಯಲ್ಲಿಲ್ಲ.

ಮೊದಲು ಆ 18ರ ವಿಚಾರ. ಫೈರ್ ಅಸ್ಸೇಗೆ (ಪುಡಿಯನ್ನು ಕುಲುಮೆಯಲ್ಲಿ ಕರಗಿಸಿ ಚಿನ್ನ ಅಳೆಯುವ ಪರೀಕ್ಷೆ) ಸಾಮಾನ್ಯವಾಗಿ ತೆಗೆದುಕೊಳ್ಳುವುದು 30 ಗ್ರಾಂ ಪುಡಿ. ಅದರಲ್ಲಿ 0.4 ಮಿ.ಮೀ. ಅಗಲದ ಒಂದೇ ಒಂದು ಚಿನ್ನದ ಕಣ ಸೇರಿಕೊಂಡರೂ ಫಲಿತಾಂಶ ಟನ್ನಿಗೆ 20 ಗ್ರಾಂ ದಾಟುತ್ತದೆ. ಚಿನ್ನ ಮೆದು ಲೋಹ, ಅರೆಯುವಾಗ ಪುಡಿಯಾಗದೆ ಚಪ್ಪಟೆಯಾಗುತ್ತದೆ. ಹಾಗಾಗಿ ಅದೇ ಚೀಲದಿಂದ ಇನ್ನೊಂದು 30 ಗ್ರಾಂ ತೆಗೆದರೆ 2 ಬಂದರೂ ಬರಬಹುದು, 50 ಬಂದರೂ ಬರಬಹುದು. ದಪ್ಪ ಕಣದ ಅನುಮಾನ ಇದ್ದರೆ ಸ್ಕ್ರೀನ್ ಅಸ್ಸೇ ಕೇಳಿ. ಸುಮಾರು ಒಂದು ಕಿಲೋ ಪುಡಿಯನ್ನು ಜರಡಿ ಹಿಡಿದು, ಮೇಲುಳಿದ ದಪ್ಪ ಭಾಗವನ್ನು ಪೂರ್ತಿಯಾಗಿ ಬೇರೆ ಪರೀಕ್ಷಿಸುತ್ತಾರೆ.

ಇನ್ನೊಂದು ಮಾತು. ಕೈಯಲ್ಲಿ ಆರಿಸಿದ ತುಂಡು ಯಾವಾಗಲೂ ಚೆಂದದ ತುಂಡೇ ಆಗಿರುತ್ತದೆ. ಎಳೆಗೆ ಅಡ್ಡಲಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಅಗಲ, ಒಂದೇ ಆಳದ ಕಾಲುವೆ ಕೊರೆದು ಮಾದರಿ ತೆಗೆಯಿರಿ. ಅಕ್ಕಪಕ್ಕದ ಬಂಡೆಯನ್ನೂ ಬೇರೆ ಚೀಲಗಳಲ್ಲಿ ಹಾಕಿ. 40 ಸೆಂ.ಮೀ. ಎಳೆಯಲ್ಲಿ ನಿಜಕ್ಕೂ 18 ಗ್ರಾಂ ಇದ್ದರೂ, ಅಗೆಯುವಾಗ ಕನಿಷ್ಠ 1.5 ಮೀಟರ್ ಅಗಲ ತೆಗೆಯಬೇಕಾದರೆ ಸರಾಸರಿ 4.8ಕ್ಕೆ ಇಳಿಯುತ್ತದೆ. ಅದೂ ಒಳ್ಳೆಯ ಅದಿರೇ, ಆದರೆ ಅಷ್ಟು ದೂರದ ಜಾಗದ ಲೆಕ್ಕಾಚಾರವೇ ಬೇರೆ.

ಪಕ್ಕದ ಬಂಡೆಯ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ, ನನಗೆ ಅದೇ ಮುಖ್ಯ. ಇಂಥ ಎಳೆಗಳಲ್ಲಿ ಚಿನ್ನ ಬಿಸಿದ್ರವದಲ್ಲಿ ಗಂಧಕದ ಜೊತೆ ಕರಗಿ ಬರುತ್ತದೆ. ಬಸಾಲ್ಟ್‌ನಂಥ ಕಬ್ಬಿಣ ಹೆಚ್ಚಿರುವ ಬಂಡೆ ಎದುರಾದಾಗ ಕಬ್ಬಿಣ ಆ ಗಂಧಕವನ್ನು ಎಳೆದುಕೊಂಡು ಪೈರೈಟ್ ಆಗುತ್ತದೆ, ಹಿಡಿತ ತಪ್ಪಿದ ಚಿನ್ನ ಅಲ್ಲೇ ಇಳಿಯುತ್ತದೆ. ಆದ್ದರಿಂದ ಹಾಲಿನಂಥ ಶುಭ್ರ ಬೆಣಚು ಎಷ್ಟೋ ಸಲ ಬರಿದಾಗಿರುತ್ತದೆ. ಅಂಚಿನಲ್ಲಿ ತುಕ್ಕುಬಣ್ಣದ ಕಾರ್ಬೋನೇಟ್, ಸೆರಿಸೈಟ್ (ನುಣ್ಣನೆಯ ಅಭ್ರಕ), ಪೈರೈಟ್, ಆರ್ಸೆನೋಪೈರೈಟ್ (ಆರ್ಸೆನಿಕ್ ಇರುವ ಖನಿಜ) ಇದೆಯೇ ನೋಡಿ. ಕೋಲಾರದ ಚಾಂಪಿಯನ್ ಎಳೆಯೂ ಇಂಥದೇ ಬಸಾಲ್ಟ್ ರೂಪಾಂತರಗೊಂಡ ಬಂಡೆಯೊಳಗಿತ್ತು, 3 ಕಿ.ಮೀ.ಗೂ ಆಳಕ್ಕೆ ಗಣಿ ಇಳಿಯುವಂತೆ ಮಾಡಿದ್ದು ಅದರ ನಿರಂತರತೆ. ಎಳೆ ಉದ್ದಕ್ಕೆ ಸಾಗಿದರೂ ಚಿನ್ನ ಅದರ ಕೆಲವು ಭಾಗಗಳಲ್ಲಿ ಮಾತ್ರ ಒಟ್ಟಾಗಿರುತ್ತದೆ, ಹೆಚ್ಚಾಗಿ ಎಳೆ ಬಾಗುವಲ್ಲಿ, ಇನ್ನೊಂದು ಬಿರುಕು ಸೇರುವಲ್ಲಿ. ದಿಕ್ಕು, ಇಳಿಜಾರು, ಬಂಡೆಯ ಮೇಲಿನ ಗೀರುಗಳ ಓಟ, ಮೂರನ್ನೂ ಕಾಂಪಸ್‌ನಲ್ಲಿ ಅಳೆದು ಬರೆದಿಡಿ.

ಹೊತ್ತು ತರುವ ಭಾರ ಮುಖ್ಯವಾದ್ದರಿಂದ ಹಳ್ಳಗಳಿಂದ ಶುರುಮಾಡಿ. ಕವಲು ಸೇರುವ ಜಾಗದ ಮೇಲ್ಭಾಗದಲ್ಲಿ, ಪ್ರತಿ ಕವಲಿನ ಮರಳನ್ನೂ ಪ್ಯಾನ್‌ನಲ್ಲಿ ತೊಳೆದು ನೋಡಿ. ಕಣಗಳ ಅಂಚು ಒರಟಾಗಿದ್ದರೆ ಮೂಲ ಹತ್ತಿರ, ನುಣುಪಾಗಿದ್ದರೆ ದೂರದಿಂದ ಬಂದದ್ದು. ಆಮೇಲೆ ಎಳೆಯ ದಿಕ್ಕಿಗೆ ಅಡ್ಡವಾಗಿ ಸಾಲು ಹಾಕಿ, 25 ಮೀಟರಿಗೊಂದು ಮಣ್ಣಿನ ಮಾದರಿ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಧಾತು ಗುರುತಿಸುವ ಉಪಕರಣ) ಈ ಮಟ್ಟದ ಚಿನ್ನವನ್ನು ನಂಬುವಂತೆ ತೋರಿಸುವುದಿಲ್ಲ, ಆರ್ಸೆನಿಕ್ ತೋರಿಸುತ್ತದೆ. ಆರ್ಸೆನಿಕ್ ಚಿನ್ನಕ್ಕಿಂತ ಸಮನಾಗಿ ಹರಡುವುದರಿಂದ ಎಳೆ ಮಣ್ಣಿನಡಿ ಎಲ್ಲಿಗೆ ಹೋಯಿತು ಅನ್ನುವುದು ಅಲ್ಲೇ ಕಾಣಬಹುದು. ಕಂದಕ ತೋಡುವುದು ಇದಾದ ಮೇಲೆ, ಖನಿಜ ಹಕ್ಕು ಯಾರದು ಅಂತ ಖಚಿತಪಡಿಸಿಕೊಂಡು.

ಡ್ರಿಲ್ ಹಂತಕ್ಕೆ ಬಂದರೆ ಕೋರನ್ನು, ಅಂದರೆ ರಂಧ್ರದಿಂದ ಹೊರಬರುವ ಕಲ್ಲಿನ ಕಂಬಿಯನ್ನು, ಸೀಳಿ ಅರ್ಧ ಇಟ್ಟುಕೊಳ್ಳಲೇಬೇಕು. ಇಂಡೋನೇಷ್ಯಾದಲ್ಲಿ ಚಿನ್ನ ಹುಡುಕುತ್ತಿದ್ದ ಬುಸಾಂಗ್‌ನಲ್ಲಿ ಕೋರನ್ನು ಪೂರ್ತಿ ಪುಡಿಮಾಡಿ ಅದಕ್ಕೆ ಹೊರಗಿನ ಚಿನ್ನ ಬೆರೆಸಿದ್ದರು. 1997ರಲ್ಲಿ ಬೇರೆಯವರು ಕೊರೆದಾಗಲೇ ಬಯಲಾದದ್ದು. ಹೆಚ್ಚಿನವರು ಮರೆಯುವುದು ಇನ್ನೊಂದಿದೆ: ರಂಧ್ರ ಎಳೆಯನ್ನು ಓರೆಯಾಗಿ ಕತ್ತರಿಸಿದರೆ ಕೋರಿನಲ್ಲಿ ಕಾಣುವ ಉದ್ದ ನಿಜವಾದ ದಪ್ಪವಲ್ಲ.

ಎಳೆಯ ಎರಡೂ ಅಂಚುಗಳ ಹತ್ತಿರದ ಫೋಟೋ, ಪಕ್ಕದ ಬಂಡೆಯ ಹೊಸದಾಗಿ ಒಡೆದ ಮುಖ, ಇಳಿಜಾರಿನ ಅಳತೆ ಇಲ್ಲಿ ಹಾಕಿ. ಮೊದಲ ಮಣ್ಣಿನ ಸಾಲು ಎಲ್ಲಿ ಹಾಕಬೇಕು ಅನ್ನುವುದನ್ನು ಅದನ್ನು ನೋಡಿ ಹೇಳುತ್ತೇನೆ.