ನೆಕ್ಕಿ ಸೊಪ್ಪು ಇಲಿಗೆ ಆಯ್ತು, ಅಮ್ಮನಿಗೆ?

ಬದಿಯಡ್ಕದಿಂದ ಕೇಳಿದವರೇ, ನಿಮ್ಮ ಪ್ರಶ್ನೆ ಇದಲ್ವಾ: ನೆಕ್ಕಿ (ಲಕ್ಕಿ ಗಿಡದ) ಸೊಪ್ಪು ಇಲಿಗಳಲ್ಲಿ ನೋವು, ಊತ ಕಡಿಮೆ ಮಾಡಿದೆ, ಸುರಕ್ಷಿತ ಅಂತಲೂ ಸಂಶೋಧನಾ ವರದಿಯಲ್ಲಿ ಬರೆದಿದ್ದಾರೆ. ಹಾಗಾದರೆ ಮಂಡಿನೋವಿರುವ ಅಮ್ಮನಿಗೆ ದಿನಾ ಕಷಾಯ ಕೊಡಬಹುದಾ?

ದಯವಿಟ್ಟು ಅವಸರ ಮಾಡಬೇಡಿ. ಪರೀಕ್ಷೆ ಹೇಗೆ ಮಾಡುತ್ತಾರೆ ನೋಡಿ. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್ ಅನ್ನು ಇಲಿಯ ಪಾದಕ್ಕೆ ಚುಚ್ಚುತ್ತಾರೆ. ಮೂರ್ನಾಲ್ಕು ಗಂಟೆಯಲ್ಲಿ ಪಾದ ಚೆನ್ನಾಗಿ ಊದಿಕೊಳ್ಳುತ್ತದೆ. ಸೊಪ್ಪಿನ ಸಾರ ಕೊಟ್ಟ ಇಲಿಗೆ ಎಷ್ಟು ಊತ, ಡೈಕ್ಲೊಫೆನಾಕ್‌ನಂಥ ನೋವಿನ ಔಷಧಿ ಕೊಟ್ಟದ್ದಕ್ಕೆ ಎಷ್ಟು, ಏನೂ ಕೊಡದ್ದಕ್ಕೆ ಎಷ್ಟು ಅಂತ ಅಳೆಯುತ್ತಾರೆ. ನೋವಿಗಾದರೆ ಸುಮಾರು 55 ಡಿಗ್ರಿ ಬಿಸಿಯ ತಟ್ಟೆಯ ಮೇಲೆ ಇಲಿಯನ್ನು ಬಿಟ್ಟು, ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅಂತ ನೋಡುತ್ತಾರೆ. ಎಲ್ಲವೂ ಕೆಲವೇ ಗಂಟೆಗಳದ್ದು. ಅಮ್ಮನ ನೋವು ವರ್ಷಗಳದ್ದು.

'ಸುರಕ್ಷಿತ' ಅನ್ನುವ ಮಾತನ್ನಂತೂ ಜಾಗ್ರತೆಯಿಂದ ಓದಿ. ಎಷ್ಟೋ ಸಲ ಕೆಜಿ ತೂಕಕ್ಕೆ 2000 ಮಿಲಿಗ್ರಾಂನಂತೆ ಒಂದೇ ಬಾರಿ ಕೊಟ್ಟು, 14 ದಿನ ಇಲಿ ಬದುಕಿದೆಯಾ ಅಂತ ನೋಡಿರುತ್ತಾರೆ. ದಿನಾ ಕುಡಿದರೆ ಲಿವರ್, ಕಿಡ್ನಿಗೆ ಏನಾಗುತ್ತದೆ ಅಂತ ತಿಳಿಯಲು 28 ಅಥವಾ 90 ದಿನದ ಪರೀಕ್ಷೆ ಬೇಕು. ಆಮೇಲೆ ಮನುಷ್ಯರಲ್ಲಿ ನೋಡಬೇಕು. ಇನ್ನೊಂದು, ಲ್ಯಾಬಿನಲ್ಲಿ ಬಳಸುವುದು ಹೆಚ್ಚಾಗಿ ಆಲ್ಕೋಹಾಲಿನಲ್ಲಿ ತೆಗೆದ ಸಾರ. ನಮ್ಮ ಕಷಾಯ ನೀರಿನದ್ದು, ಎರಡೂ ಒಂದೇ ಅಲ್ಲ.

ನಮ್ಮ ಕಡೆ ಬಾಣಂತಿಯರಿಗೆ ನೆಕ್ಕಿ ಸೊಪ್ಪು ಕುದಿಸಿದ ನೀರಿನಲ್ಲಿ ಮೀಯಿಸುತ್ತಾರಲ್ಲ, ಆ ಬಿಸಿನೀರಿನ ಶಾಖ ಅಮ್ಮನ ಮಂಡಿಗೂ ಕೊಡಿ. ಚರ್ಮ ತುರಿಸಿದರೆ ನಿಲ್ಲಿಸಿ. ಕುಡಿಸುವ ಮುಂಚೆ ಮಾತ್ರ ಡಾಕ್ಟರಿಗೆ ಸೊಪ್ಪನ್ನೂ, ಅಮ್ಮ ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ತೋರಿಸಿ.