ಉಪ್ಪಾಗೆ ಮಾತ್ರೆ ನುಂಗಿದರೆ ಫ್ಯಾಟಿ ಲಿವರ್ ವಾಸಿಯಾಗುತ್ತದೆಯೇ?

ನಿಮ್ಮ ತಾಯಿಗೆ ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು ಸೇರಿಕೊಳ್ಳುವುದು) ಇದೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನಡೆಯುತ್ತಿದೆ, ಜೊತೆಗೆ ತೂಕ ಇಳಿಸಲೆಂದು ಮಾರುವ ‘ಗಾರ್ಸೀನಿಯಾ’ ಮಾತ್ರೆ ಕೊಡಬಹುದೇ, ಗಿಡದ್ದೇ ಅಲ್ಲವೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ. ಕಾರಣವನ್ನು ಬಿಡಿಸಿ ಹೇಳುತ್ತೇನೆ. ಆ ಹಣ್ಣಿನ ನಡುವೆ ಬೆಳೆದವನು ನಾನು, ಈಗ ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನ ಕಲಿಸುತ್ತೇನೆ.

ಗಾರ್ಸೀನಿಯಾ ಎಂದು ಡಬ್ಬಿಯ ಮೇಲೆ ಬರೆದಿರುವುದು ನಮ್ಮ ಸಿದ್ದಾಪುರ ಕಡೆಯ ಉಪ್ಪಾಗೆ. ಪುಟ್ಟ ಕುಂಬಳಕಾಯಿಯಂತೆ ಏಣುಗಳಿರುವ ಹಳದಿ ಹಣ್ಣು. ಅದು ಹಣ್ಣಾಗುವುದು ಜಡಿಮಳೆಯಲ್ಲಿ. ಬಿಸಿಲಿನ ಮಾತೇ ಇಲ್ಲದ್ದರಿಂದ ಸಿಪ್ಪೆಯನ್ನು ಬಿದಿರಿನ ತಟ್ಟಿಯ ಮೇಲೆ ಹರಡಿ, ಕೆಳಗೆ ಬೆಂಕಿ ಹಾಕಿ ಒಣಗಿಸುತ್ತಿದ್ದೆವು. ನಾಲ್ಕು ದಿನ ಮನೆಯೆಲ್ಲ ಹೊಗೆ. ಕಪ್ಪಗೆ ಚರ್ಮದಂತಾದ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ಮೆನ್ನುತ್ತಿತ್ತು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ದೋಸೆಗೆ. ಕೊಡಗಿನವರ ಕಾಚಂಪುಳಿಯೂ ಇದೇ ಹಣ್ಣಿನ ರಸವನ್ನು ಕುದಿಸಿ ಇಳಿಸಿದ್ದು.

ಆ ಹುಳಿಯ ಮುಖ್ಯ ಅಂಶ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ಲೂಯಿಸ್ ಮತ್ತು ನೀಲಕಂಠನ್. ನಾವು ಹೆಚ್ಚಾಗಿ ತಿಂದ ಅನ್ನ, ಸಕ್ಕರೆ ಜೀವಕೋಶದಲ್ಲಿ ಸಿಟ್ರೇಟ್ ಆಗುತ್ತದೆ. ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಅದನ್ನು ಕತ್ತರಿಸಿದಾಗ ಸಿಗುವ ತುಂಡೇ ಕೊಬ್ಬು ಕಟ್ಟುವ ಇಟ್ಟಿಗೆ. ಉಪ್ಪಾಗೆಯ ಆಮ್ಲ ನೋಡಲು ಸಿಟ್ರೇಟಿನ ತಮ್ಮನಂತಿದೆ. ಕಿಣ್ವದಲ್ಲಿ ಸಿಟ್ರೇಟಿನ ಜಾಗಕ್ಕೆ ಹೋಗಿ ಕೂತು ಕೆಲಸ ನಿಲ್ಲಿಸುತ್ತದೆ. 1969ರಲ್ಲಿ ಅಮೆರಿಕದ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು ಇದನ್ನು ತೋರಿಸಿದರು. ಇಷ್ಟೂ ನಿಜ, ಪಾಠ ಮಾಡುವಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಆದರೆ ಮನುಷ್ಯರಲ್ಲಿ ಏನಾಯಿತು? 1998ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ತೂಕ ಹೆಚ್ಚಿದ್ದ 135 ಜನರಿಗೆ 12 ವಾರ ಪಥ್ಯ ಮಾಡಿಸಿ, ಅರ್ಧದಷ್ಟು ಜನರಿಗೆ ದಿನಕ್ಕೆ 1,500 ಮಿಲಿಗ್ರಾಂ ಈ ಆಮ್ಲ, ಉಳಿದವರಿಗೆ ಸತ್ವವಿಲ್ಲದ ಮಾತ್ರೆ ಕೊಟ್ಟರು. ಆಮ್ಲ ಪಡೆದವರು ಸರಾಸರಿ 3.2 ಕಿಲೋ ಇಳಿದರು, ಸತ್ವವಿಲ್ಲದ ಮಾತ್ರೆ ನುಂಗಿದವರು 4.1 ಕಿಲೋ. ಇಳಿಸಿದ್ದು ಪಥ್ಯ. ಇಲಿಗೆ ಬರೀ ಸಕ್ಕರೆ ತಿನ್ನಿಸಿದಾಗ ಅದರ ದೇಹ ಹೊಸದಾಗಿ ಕೊಬ್ಬು ತಯಾರಿಸುತ್ತದೆ, ಆಗ ಕಿಣ್ವಕ್ಕೆ ಆಮ್ಲ ಹಾಕುವ ಈ ಬೀಗ ಉಪಯೋಗಕ್ಕೆ ಬರುತ್ತದೆ. ನಮ್ಮ ಮೈಯ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಊಟದ ಎಣ್ಣೆ, ತುಪ್ಪದಿಂದ ನೇರವಾಗಿ ಬಂದು ಕೂತದ್ದು. ಅದು ಈ ಕಿಣ್ವದ ಬಾಗಿಲನ್ನು ಹಾಯುವುದೇ ಇಲ್ಲ.

ಹೀಗಾಗಿ ಲಾಭ ಅನುಮಾನ. ಅಪಾಯ ಮಾತ್ರ ಕಲ್ಪನೆಯಲ್ಲ: ಗಾರ್ಸೀನಿಯಾ ಮಾತ್ರೆ ತೆಗೆದುಕೊಂಡವರಲ್ಲಿ ಯಕೃತ್ತು ತೀವ್ರವಾಗಿ ಕೆಟ್ಟು, ಕಸಿಯವರೆಗೆ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಂಥದ್ದು ಎಲ್ಲರಿಗೂ ಆಗುವುದಿಲ್ಲ, ಅಪರೂಪ. ಆದರೂ ಈಗಾಗಲೇ ಬಾಧೆಯಲ್ಲಿರುವ ಯಕೃತ್ತಿನ ಮೇಲೆ ಆ ಪ್ರಯೋಗ ಏಕೆ?

ಗಿಡಮೂಲಿಕೆಯನ್ನು ನಾನು ತಳ್ಳಿಹಾಕುತ್ತಿಲ್ಲ. ನಿಮ್ಮ ತಾಯಿಯ ಮೆಟ್‌ಫಾರ್ಮಿನ್‌ಗೂ ಬೇರು ಯುರೋಪಿನ ಗೆಲೀಗಾ ಎಂಬ ಗಿಡದಲ್ಲಿದೆ. ಆ ಗಿಡದ ಗೆಲೆಗೀನ್ ಎಂಬ ಅಂಶ ರಕ್ತದ ಸಕ್ಕರೆ ಇಳಿಸುತ್ತಿತ್ತು, ವಿಷವೂ ಆಗಿತ್ತು. ಅದೇ ಬಳಗದ, ಪ್ರಯೋಗಾಲಯದಲ್ಲಿ ತಯಾರಾದ ಮೆಟ್‌ಫಾರ್ಮಿನ್ ಅನ್ನು ಫ್ರಾನ್ಸಿನ ಜಾನ್ ಸ್ಟರ್ನ್ ರೋಗಿಗಳಿಗೆ ಕೊಟ್ಟು 1957ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಿಡದಿಂದ ಮದ್ದಿನವರೆಗೆ ಅಷ್ಟು ದಾರಿ ಸವೆಸಬೇಕು. ಉಪ್ಪಾಗೆ ಇನ್ನೂ ಅದನ್ನು ಸವೆಸಿಲ್ಲ.

ಯಕೃತ್ತಿನ ಕೊಬ್ಬು ಕರಗಲು ತೂಕದಲ್ಲಿ ಶೇ 7ರಿಂದ 10ರಷ್ಟು ಇಳಿಯಬೇಕು. 70 ಕಿಲೋ ಇದ್ದರೆ 5ರಿಂದ 7 ಕಿಲೋ, ಆತುರವಿಲ್ಲದೆ, ಊಟ ಮತ್ತು ನಡಿಗೆಯಿಂದ. ಸಾರಿಗೆ ಒಂದು ಚೂರು ಉಪ್ಪಾಗೆ ಹಾಕುವುದನ್ನು ಅವರು ಬಿಡಬೇಕಾಗಿಲ್ಲ, ಅಡುಗೆಯ ಹುಳಿ ಬೇರೆ, ಸಾಂದ್ರಗೊಳಿಸಿದ ಮಾತ್ರೆ ಬೇರೆ. ಮಾತ್ರೆಯನ್ನು ಆಗಲೇ ಶುರುಮಾಡಿದ್ದರೆ ಇಂದೇ ನಿಲ್ಲಿಸಿ, ಡಬ್ಬಿಯನ್ನು ವೈದ್ಯರಿಗೆ ತೋರಿಸಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ. ಕಣ್ಣು ಹಳದಿಯಾದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಮರುದಿನದವರೆಗೆ ಕಾಯಬೇಡಿ.